ಬೇಸಿಗೆಯ ಸಂಜೆಗಳೂ ನಮ್ಮ ವಿಮರ್ಶೆಯೂ

ದಲಿತ ವಿಮರ್ಶೆಯ ಈ ವಿಶೇಷ ಸಂಚಿಕೆಗೆ ನಾನು ಸುಖದ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರು ನಕ್ಕರು. 'ಬೇರೇನೂ ಸಿಗಲಿಲ್ವೇನೋ ನಿಂಗೆ?' ಅಂದರು. ಆ ನಗುವಿನೊಳಗೇ ಒಂದು ವಿಮರ್ಶೆಯ ನಿಲುವು ಅಡಗಿದೆ. ಕನ್ನಡದಲ್ಲಿ ದಲಿತ ಎಂಬ ಶಬ್ದದ ಪಕ್ಕಕ್ಕೆ ನೋವು, ಹಸಿವು, ಅವಮಾನ, ಸಿಟ್ಟು ಇವೆಲ್ಲ ಕರೆಯದೆಯೂ ಬಂದು ಕೂರುತ್ತವೆ. ಸುಖವೇನಾದರೂ ಬಂದರೆ ಮಾತ್ರ ಬಾಗಿಲಲ್ಲಿ ತಡೆದು 'ನೀನ್ಯಾರು, ಯಾವ ಊರು' ಅಂತ ವಿಚಾರಿಸುತ್ತೇವೆ. ಇನ್ನೊಬ್ಬರ ಬಾಗಿಲಲ್ಲಿ ನಮ್ಮನ್ನು ಹೀಗೆ ವಿಚಾರಿಸಿದ ಅನುಭವ ನಮಗೆ ಬೇಕಾದಷ್ಟಿದೆ. ಆ ಅಭ್ಯಾಸವನ್ನು ನಮ್ಮದೇ ಸಾಹಿತ್ಯದ ಬಾಗಿಲಲ್ಲಿ ನಾವೇಕೆ ಮುಂದುವರಿಸಬೇಕು ಎನ್ನುವುದು ನನ್ನ ಪ್ರಶ್ನೆ.

ಪ್ರಶ್ನೆ ಹುಟ್ಟಿದ್ದು ಬೆಂಗಳೂರಿನ ಬೇಸಿಗೆಯಲ್ಲಿ. ನಾನು ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ರಜೆಯ ತಿಂಗಳಿಗೆ ನಮಗೆ ಸಂಬಳವಿಲ್ಲ, ಆದ್ದರಿಂದ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕರೆ ಬಂದರೆ ಅದೇ ಹಬ್ಬ. ಬೇರೆ ಬೇರೆ ಊರುಗಳಿಂದ ಬಂದ ನಾವು ಐದು ಜನ, ಎಲ್ಲರೂ ಒಂದೇ ಕಾಲದಲ್ಲಿ ಎಂ.ಎ. ಓದಿದವರು, ಹಗಲೆಲ್ಲ ಕೆಂಪು ಪೆನ್ನು ಹಿಡಿದು ಕೂತು ಸಂಜೆಗೆ ಕಬ್ಬನ್ ಪಾರ್ಕಿಗೆ ಬರುತ್ತಿದ್ದೆವು. ಕಲಬುರಗಿಯ ಗೆಳೆಯನಿಗೆ ಇಲ್ಲಿನ ಬೇಸಿಗೆ ಅಂದರೆ ತಮಾಷೆ. 'ಇದೇನ್ ಬಿಸಿಲಲೇ, ನಮ್ಮ ಕಡಿ ಬೆಳದಿಂಗಳೂ ಇದಕ್ಕಿಂತ ಸುಡ್ತದ' ಅನ್ನುತ್ತಿದ್ದ. ಉಪ್ಪು ಖಾರ ಹಚ್ಚಿದ ತೋತಾಪುರಿ ಮಾವಿನಕಾಯಿ, ಕಲ್ಲಂಗಡಿ ಹೋಳು, ಪೊಟ್ಟಣದ ಚುರುಮುರಿ. ಐದೂ ಜನರ ಜೇಬು ಸೇರಿದರೂ ಇನ್ನೂರು ರೂಪಾಯಿ ದಾಟದ ಸಂಜೆಗಳು. ಅಲ್ಲಿಂದ ಹಡ್ಸನ್ ಸರ್ಕಲ್ ದಾಟಿ ನಡೆದು ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರ. ನಾಟಕವೋ ಸಭೆಯೋ ನಡೆಯುತ್ತಿದ್ದರೆ ನೋಡುವುದು, ಇಲ್ಲದಿದ್ದರೆ ಹೊರಗೆ ಕಟ್ಟೆಯ ಮೇಲೆ ಕೂತು ಹಾಡುವುದು. ಕೋಲಾರದ ಗೆಳೆಯನಿಗೆ ಊಟದ ಡಬ್ಬಿಯೇ ತಮಟೆ.

ಒಂದು ಸಂಜೆ ಅವನು 'ಬಾ ನಲ್ಲೆ ಮಧುಚಂದ್ರಕೆ' ಸಿನಿಮಾದ ಬೆಟ್ಟ-ಬೆಳದಿಂಗಳ ಹಾಡು ಹಾಡಿದ. 1993ರ ಸಿನಿಮಾ, ನಾವು ಹುಟ್ಟುವ ಮೊದಲಿನದು. ಆದರೂ ಎಲ್ಲರಿಗೂ ಬಾಯಿಪಾಠ. ಪಕ್ಕದಲ್ಲಿ ಕೂತಿದ್ದ ಇಬ್ಬರು ವಿದ್ಯಾರ್ಥಿಗಳೂ ದನಿಗೂಡಿಸಿದರು. ಹಾಡು ಮುಗಿದ ಮೇಲೆ, ಇದನ್ನು ಬರೆದವರು ಯಾರು ಗೊತ್ತಾ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಸಿದ್ಧಲಿಂಗಯ್ಯ ಅಂದೆ. 'ಯಾವ ಸಿದ್ಧಲಿಂಗಯ್ಯ ಸಾರ್, ಹೊಲೆಮಾದಿಗರ ಹಾಡಿನವರಾ?' ಅಂದ ಒಬ್ಬ. ಅವನ ಮುಖದಲ್ಲಿ ಇದ್ದದ್ದು ಬರೀ ಆಶ್ಚರ್ಯವಲ್ಲ, ಚೂರು ಅಸಮಾಧಾನವೂ ಇತ್ತು. ಯಾರೋ ಅವನಿಗೆ ಮೋಸ ಮಾಡಿದ ಹಾಗೆ.

ಅವನ ಮೇಲೆ ನನ್ನ ದೂರಿಲ್ಲ. ಅವನಿಗೆ ನಾವು ಪಾಠ ಮಾಡಿದ್ದೇ ಹಾಗೆ. 1975ರ 'ಹೊಲೆಮಾದಿಗರ ಹಾಡು' ಸಂಕಲನದ ಕವಿ ಕ್ರಾಂತಿಯವನು. ಪ್ರೇಮಗೀತೆಯ ಕವಿ ಸಿನಿಮಾದವನು. ಈ ಇಬ್ಬರನ್ನೂ ಕೂರಿಸಲು ನಮ್ಮ ವಿಮರ್ಶೆಯಲ್ಲಿ ಒಂದು ಬೆಂಚಿಲ್ಲ. ನವೋದಯದ ಕವಿ ನಾಡಗೀತೆಯನ್ನೂ ಬರೆಯಬಹುದು, ಪ್ರೇಮಗೀತೆಯನ್ನೂ ಬರೆಯಬಹುದು, ಅದನ್ನು ನಾವು ವ್ಯಾಪ್ತಿ ಎನ್ನುತ್ತೇವೆ. ದಲಿತ ಕವಿ ಬೆಳದಿಂಗಳ ಬಗ್ಗೆ ಬರೆದರೆ ಅದನ್ನು ರಾಜಿ ಅಂತಲೋ ಬಿಡುವು ಅಂತಲೋ ಕರೆದು ಮುಂದೆ ಹೋಗುತ್ತೇವೆ. ನಾನು ಅವತ್ತು ತಿದ್ದಿದ್ದ ಉತ್ತರಪತ್ರಿಕೆಗಳಲ್ಲಿ ದಲಿತ ಸಾಹಿತ್ಯದ ಪ್ರಶ್ನೆಗೆ ಬಂದ ಉತ್ತರಗಳೆಲ್ಲ 'ನೋವಿನ ಅಭಿವ್ಯಕ್ತಿ' ಎಂದು ಶುರುವಾಗಿ 'ಆಕ್ರೋಶ' ಎಂದು ಮುಗಿಯುತ್ತಿದ್ದವು. ಅವು ತಪ್ಪಲ್ಲ, ಅಂಕ ಕೊಟ್ಟೆ. ಆದರೆ ಬರೆದ ಮಕ್ಕಳಲ್ಲಿ ಎಷ್ಟೋ ಜನ ನಮ್ಮ ಕೇರಿಯವರೇ ಇರಬೇಕು. ತಮ್ಮ ಬದುಕಿನ ಮುಕ್ಕಾಲು ಪಾಲನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬಂದು ಅವರು ಆ ಉತ್ತರ ಬರೆದಿದ್ದರು.

ಇಲ್ಲಿ ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ'ದ ಮೊದಲ ಭಾಗವನ್ನು ನೆನೆಯಬೇಕು. ಅದೂ ಬೇಸಿಗೆ ರಜೆಯ ಕತೆಯೇ. 1901ನೇ ಇಸವಿ. ಸಾತಾರದಲ್ಲಿದ್ದ ಮಕ್ಕಳನ್ನು ಬೇರೆ ಊರಿನಲ್ಲಿ ಕೆಲಸದಲ್ಲಿದ್ದ ತಂದೆ ರಜೆಗೆ ಕರೆಸಿಕೊಳ್ಳುತ್ತಾರೆ. ಹೊಸ ಅಂಗಿ, ಥಳಥಳಿಸುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತ್ರ, ಇದೆಲ್ಲವನ್ನೂ ಅವರು ಒಂದೊಂದಾಗಿ ಹೇಳುತ್ತಾರೆ. ಆ ಮಕ್ಕಳು ಅಲ್ಲಿಯವರೆಗೆ ರೈಲನ್ನೇ ಕಂಡಿರಲಿಲ್ಲ. ಆಮೇಲೆ ಸ್ಟೇಷನ್ ಮಾಸ್ಟರನ ಪ್ರಶ್ನೆ, ಎರಡರಷ್ಟು ಬಾಡಿಗೆ ಕೊಟ್ಟರೂ ಮುಟ್ಟಲೊಲ್ಲದ ಗಾಡಿಯವನು, ಮಕ್ಕಳೇ ಹೊಡೆದ ಎತ್ತಿನ ಗಾಡಿ, ಬುತ್ತಿ ತುಂಬ ಊಟ, ಕುಡಿಯಲು ನೀರಿಲ್ಲ. ನಾವು ಪಾಠ ಮಾಡುವುದು ಈ ಬಾಯಾರಿಕೆಯನ್ನು. ಸರಿಯೇ. ಆದರೆ ಬಟ್ಟೆಯ ವಿವರ ಅಲ್ಲಿ ಯಾಕಿದೆ? ಮೂವತ್ತು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ, ಅಷ್ಟೆಲ್ಲ ಹೋರಾಟ ನಡೆಸಿದ ಮನುಷ್ಯ, ಧೋತ್ರದ ಅಂಚು ರೇಷ್ಮೆಯದು ಅನ್ನುವುದನ್ನು ಮರೆತಿಲ್ಲ. ಕಸಿದುಕೊಂಡದ್ದು ನೀರನ್ನು ಮಾತ್ರವಲ್ಲ, ಒಂದು ಇಡೀ ರಜೆಯನ್ನು. ಸಂತೋಷದ ಲೆಕ್ಕ ಬರೆಯದಿದ್ದರೆ ಕಳವಿನ ಲೆಕ್ಕವೂ ಸರಿಹೋಗುವುದಿಲ್ಲ. ಅದೇ ಬರಹದ ಮುಂದಿನ ಭಾಗದಲ್ಲಿ ಬರೋಡದ ಕಮಾಟಿ ಬಾಗ್ ಬರುತ್ತದೆ. ಪಾರ್ಸಿ ವಸತಿಗೃಹದಿಂದ ಹೊರಗೆ ಹಾಕಿಸಿಕೊಂಡ ಅಂಬೇಡ್ಕರ್ ರೈಲಿನ ಹೊತ್ತಿಗಾಗಿ ಕಾಯುತ್ತಾ ಕೂತದ್ದು ಒಂದು ಸಾರ್ವಜನಿಕ ಉದ್ಯಾನದಲ್ಲಿ. ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದವರಿಗೆ ಇಡೀ ಊರಿನಲ್ಲಿ ಸಿಕ್ಕ ಜಾಗ ಅದೊಂದೇ. 1870ರಲ್ಲಿ ಹುಟ್ಟಿದ ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕೂತು ನಾವು ಮಾವಿನಕಾಯಿ ತಿನ್ನುವಾಗ ಈ ಇನ್ನೊಂದು ತೋಟ ನನ್ನ ಕಣ್ಣ ಮುಂದೆ ಬರುತ್ತದೆ. ಬಂದರೂ ಮಾವಿನಕಾಯಿಯ ರುಚಿ ಕೆಡುವುದಿಲ್ಲ, ಇದನ್ನೂ ಹೇಳಬೇಕು.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಇಡೀ ಮನೆ ರಾತ್ರಿ ಕೂತು ಕದ್ದು ತಂದ ಕಡ್ಲೆಕಾಯಿ ತಿನ್ನುವ ಪ್ರಸಂಗವಿದೆ. ಬೆಳಗಾದರೆ ಪೊಲೀಸರು. ನಮ್ಮ ವಿಮರ್ಶೆ ಬಹುಮಟ್ಟಿಗೆ ಪೊಲೀಸರ ಜೊತೆಯಲ್ಲೇ ಆ ಮನೆಯೊಳಕ್ಕೆ ಹೋಗುತ್ತದೆ. ಹಸಿವಿನ ದಾರುಣತೆ, ವ್ಯವಸ್ಥೆಯ ಕ್ರೌರ್ಯ ಎಂದೆಲ್ಲ ಮಹಜರು ಬರೆಯುತ್ತದೆ. ಆ ರಾತ್ರಿಯ ಉದ್ದವನ್ನು, ಸಿಪ್ಪೆ ಬಿಡಿಸುವ ಗತಿಯನ್ನು, ಬೈದಾಡಿಕೊಳ್ಳುವ ಮಂದಿಯೆಲ್ಲ ಒಂದೇ ಕಡೆ ಕೂತ ಬೆಚ್ಚನೆಯನ್ನು ಓದಲು ಬೇರೆ ಕಿವಿ ಬೇಕು. ಹಸಿವಿದ್ದ ಕಡೆಯಲ್ಲೇ ರುಚಿಯೂ ಇದೆ ಎನ್ನುವುದು ಮಹಾದೇವರಿಗೆ ಗೊತ್ತು, ನಮಗೆ ಇನ್ನೂ ಗೊತ್ತಾಗಬೇಕು.

'ಊರು ಕೇರಿ'ಯ ಸಂಗತಿ ಇನ್ನೂ ಕುತೂಹಲದ್ದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗನಿಗೆ ಓದಲು, ಕನಸು ಕಾಣಲು ಸಿಕ್ಕ ಪ್ರಶಸ್ತವಾದ ಜಾಗ ಸ್ಮಶಾನ. ನಗರದ ಉದ್ಯಾನಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಲಲಿತ ಪ್ರಬಂಧಗಳಿವೆ. ಸ್ಮಶಾನವನ್ನೇ ಉದ್ಯಾನ ಮಾಡಿಕೊಂಡು, ಅದನ್ನು ಗೋಳಿಲ್ಲದೆ ನಗುನಗುತ್ತಾ ಹೇಳಿದ ಬರಹ ಇದೊಂದೇ ಇರಬೇಕು. ಡಿ.ಆರ್. ನಾಗರಾಜ್ ಈ ನಗುವನ್ನು ಮೊದಲಿಗೇ ಗುರುತಿಸಿ 'ಬಡವರ ನಗುವಿನ ಶಕ್ತಿ' ಎಂದು ಕರೆದರು. 1998ರಲ್ಲಿ ತೀರಿಹೋದ ಅವರ ಆ ಮಾತನ್ನು ನಮ್ಮ ತಲೆಮಾರು ಇನ್ನೂ ಉಣ್ಣುತ್ತಿದೆ. ಆದರೂ ಆ 'ಶಕ್ತಿ' ಎಂಬ ಪದದ ಮೇಲೆ ನನಗೊಂದು ತಕರಾರಿದೆ. ಬಡವರ ನಗು ಶಕ್ತಿಯೇ ಆಗಬೇಕೆ? ಈಚೆಗೆ ಇದು ಇನ್ನಷ್ಟು ಕೆಟ್ಟಿದೆ. ನಗುವಾದರೆ ಪ್ರತಿರೋಧದ ನಗು, ಕುಣಿತವಾದರೆ ಪ್ರತಿರೋಧದ ಕುಣಿತ, ಬಾಡೂಟವಾದರೆ ಪ್ರತಿರೋಧದ ಬಾಡೂಟ. ಸುಖವನ್ನು ಚಳವಳಿಯ ಮೆಂಬರ್ ಮಾಡಿಕೊಂಡು, ರಶೀದಿ ಹರಿದ ಮೇಲೆಯೇ ಒಳಗೆ ಬಿಡುತ್ತೇವೆ. ಉಳಿದವರ ಮಕ್ಕಳು ಐಸ್‌ಕ್ಯಾಂಡಿ ತಿಂದರೆ ಅದು ಐಸ್‌ಕ್ಯಾಂಡಿ. ನಮ್ಮ ಮಕ್ಕಳು ತಿಂದರೆ ಅದೊಂದು ನಿಲುವು. ಈ ಭಾರವನ್ನು ಮೇಲ್ಜಾತಿಯ ವಿಮರ್ಶಕರು ಹೊರಿಸಿದರೆ ಬೈಯಬಹುದು. ಹೊರಿಸುತ್ತಿರುವವರಲ್ಲಿ ನಮ್ಮವರೂ ಇದ್ದಾರೆ.

ಹಾಗಂತ ನಗರದ ಬೇಸಿಗೆ ಜಾತಿಯ ಆಚೆಗಿದೆ ಎಂದು ನಾನು ಹೇಳುತ್ತಿಲ್ಲ. ಸಂಗೀತವನ್ನೇ ತಗೊಳ್ಳಿ. ಬೆಂಗಳೂರಿನ ಬೇಸಿಗೆ ಅಂದರೆ ರಾಮನವಮಿಯ ಕಛೇರಿಗಳು. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆಸಿಕೊಂಡು ಬಂದಿರುವ ಉತ್ಸವವಂತೂ ದೊಡ್ಡ ಹೆಸರು. ನಾವೂ ಒಂದು ಸಂಜೆ ಹೋಗಿ ಹೊರಗೆ ರಸ್ತೆಯಲ್ಲಿ ನಿಂತು ಕೇಳಿದೆವು. ಚೆನ್ನಾಗಿತ್ತು, ತನಿ ಆವರ್ತನದ ಹೊತ್ತಿಗೆ ಕೋಲಾರದವನ ಬೆರಳು ಡಬ್ಬಿಯ ಮೇಲೆ ತಾನಾಗಿಯೇ ಆಡುತ್ತಿದ್ದವು. ಆ ಮೃದಂಗಕ್ಕೆ ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಬೇಕು. ಅದನ್ನು ಹದಮಾಡಿ, ಬಿಗಿದು, ಶ್ರುತಿಗೆ ತರುವ ಕೈಗಳು ಯಾರವು ಎಂದು ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದಾಗ, ಅದರ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ಪಡೆಯಿತು. ನಾದ ಒಳಗಿರಬಹುದು, ಚರ್ಮದ ಮಾತು ಹೊರಗೆ. ರಸ್ತೆಯಲ್ಲಿ ನಿಂತು ಕೇಳಿದ ನಮಗೆ ಆ ನಾದದಲ್ಲಿ ಪಾಲಿದೆ, ಅದನ್ನು ಯಾರೂ ದಾನ ಕೊಡಬೇಕಿಲ್ಲ.

ತಮಟೆಯದು ಇನ್ನೊಂದು ಬಗೆಯ ಜಗಳ. ಊರ ಹಬ್ಬಕ್ಕೆ, ಸಾವಿಗೆ ಬಿಟ್ಟಿಯಾಗಿ ಬಡಿಯುವುದಿಲ್ಲ ಎಂದು ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ನಮ್ಮ ಹಿರಿಯರು ತಮಟೆ ಕೆಳಗಿಟ್ಟರು. ಅದೇ ತಮಟೆ ಮೆರವಣಿಗೆಯ ಮುಂದೆ ಎದ್ದು ಬಂತು. ಆತ್ಮಗೌರವದ ಹೆಸರಿನಲ್ಲಿ ನಮ್ಮದೇ ಸಾಂಸ್ಕೃತಿಕ ನೆನಪನ್ನು ಕಳೆದುಕೊಳ್ಳುವ ಅಪಾಯವನ್ನು ಡಿ.ಆರ್. 1993ರ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಚರ್ಚಿಸಿದ್ದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ನನಗೆ ಬೇಕಾದ ತಮಟೆ ಏಪ್ರಿಲ್ 14ರ ಮಧ್ಯಾಹ್ನದ್ದು. ಬಿಸಿಲಿಗೇ ಕಾದು ಚರ್ಮ ಬಿಗಿಯಾಗಿರುತ್ತದೆ, ಬೆಂಕಿಗೆ ಹೆಚ್ಚು ಹಿಡಿಯಬೇಕಿಲ್ಲ. ನೀಲಿ ಶಾಲು ಹೊದ್ದ ಹುಡುಗರು ಹೆಜ್ಜೆ ಹಾಕುತ್ತಾರೆ, ಯಾರೋ ಮಜ್ಜಿಗೆ ಹಂಚುತ್ತಾರೆ. ಭಾಷಣಕಾರರು ಬರುವುದು ತಡವಾದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಅಂಬೇಡ್ಕರರೇ ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತವರು. ಆ ಪಿಟೀಲು ಯಾವ ಪ್ರತಿರೋಧಕ್ಕೆ ಎಂದು ಯಾರಾದರೂ ಕೇಳುತ್ತಾರೆಯೇ?

ಈ ಲೇಖನದ ಮೊದಲ ಕರಡನ್ನು ಗೆಳೆಯರಿಗೆ ಓದಿ ಹೇಳಿದೆ. ಕಲಬುರಗಿಯವನ ಆಕ್ಷೇಪ ಗಟ್ಟಿಯಾದದ್ದು. 'ನೀ ಸುಖ ಸುಖ ಅಂತ ಬರೀತಿ. ನಾಳೆ ಅವರು ಇದನ್ನ ಹಿಡಕೊಂಡು, ನೋಡ್ರಿ ಇವರು ಆರಾಮ ಅದಾರ, ಇನ್ನ ಮೀಸಲಾತಿ ಯಾಕ ಬೇಕು ಅಂತಾರ. ಆಗ ಏನ್ ಮಾಡ್ತಿ?' ಅಂದ. ಹಾಗೆ ಅನ್ನುವವರು ಅನ್ನುತ್ತಾರೆ, ನಾವು ಅಳುತ್ತಾ ಕೂತರೂ ಅನ್ನುತ್ತಾರೆ. ಬಾಡಿಗೆ ಮನೆ ಹುಡುಕುವಾಗ 'ನೀವು ಯಾವ ಜನ' ಎಂದು ನನ್ನನ್ನು ಕೇಳಿದ ಮನೆಯವರು ನನ್ನ ಸುಖದುಃಖ ವಿಚಾರಿಸಲಿಲ್ಲ. ಅವರಿಗೆ ಬೇಕಾದ್ದು ಬೇರೆಯೇ ಮಾಹಿತಿ. 2024ರ ಮಾರ್ಚ್-ಏಪ್ರಿಲ್‌ನಲ್ಲಿ ಬೋರ್‌ವೆಲ್ ಬತ್ತಿ ಬೆಂಗಳೂರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ, ಒಂದು ಬೇಸಿಗೆಗೇ ಕಂಗಾಲಾದ ಬಡಾವಣೆಗಳ ಗೋಳು ಪತ್ರಿಕೆಗಳ ತುಂಬ ಬಂತು. ನೀರಿಗೆ ಕಾಯುವುದು ನಮ್ಮವರಿಗೆ 1901ರ ಗಾಡಿಯಿಂದ, 1927ರ ಮಹಾಡ್ ಕೆರೆಯಿಂದ ಗೊತ್ತಿರುವ ಪಾಠ. ಬಿಂದಿಗೆ ಸಾಲಿನಲ್ಲಿ ನಿಂತು ನಮ್ಮ ಹೆಂಗಸರು ನಗಾಡುವುದನ್ನು ಕಂಡವರಿಗೆ, ನಗುವೇ ತೃಪ್ತಿಯ ಸರ್ಟಿಫಿಕೇಟಲ್ಲ ಎಂದು ವಿವರಿಸಬೇಕಾಗಿಲ್ಲ.

ಮಳವಳ್ಳಿಯ ಗೆಳತಿ ಮಾತ್ರ ಕೊನೆಯವರೆಗೂ ಸುಮ್ಮನಿದ್ದಳು. ಆಮೇಲೆ ಹೇಳಿದ್ದು ಇಷ್ಟು: 'ನೀವು ಸಂಸದ ಹತ್ರ ಕೂತು ಹಾಡಿದ್ದು ಬರ್ದಿದ್ದೀಯ ಕಣೋ, ಸರಿ. ಎಂಟು ಗಂಟೆಗೆ ಪಿ.ಜಿ. ಗೇಟ್ ಹಾಕ್ತಾರೆ ಅಂತ ನಾನು ದಿನಾ ಅರ್ಧ ಹಾಡಿಗೇ ಎದ್ದು ಓಡಿದ್ದು ಎಲ್ಲಿ? ಆ ಬೆಳದಿಂಗಳ ಹಾಡಿನ ಎರಡನೇ ಚರಣ ನಾನು ಒಂದು ಸಲಾನೂ ಕೇಳಿಲ್ಲ.' ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದಳು. 'ಬೆಳಿಗ್ಗೆ ಆರಕ್ಕೆ ಬಸ್ಸಿಗೆ ಬರ್ತೀನಲ್ಲ, ನಿಮ್ಮ ಚುರುಮುರಿ ಪೊಟ್ಟಣ ಎಲ್ಲಾ ಗುಡಿಸ್ತಿರ್ತಾರೆ. ಯಾರು ಅಂತ ನಿಂಗೆ ಗೊತ್ತಲ್ಲ.' ಕೋಲಾರದವನು ತಲೆ ತಗ್ಗಿಸಲಿಲ್ಲ. 'ಗೊತ್ತು ಕಣಕ್ಕ, ನಮ್ಮ ಚಿಕ್ಕಮ್ಮಾನೇ ಇದ್ದಾಳೆ ಅದರಲ್ಲಿ' ಅಂದ. ಪೌರಕಾರ್ಮಿಕರಾದ ಆ ಚಿಕ್ಕಮ್ಮ ಪೊರಕೆ ಬದಿಗಿಟ್ಟು ಎಲೆಯಡಿಕೆ ಹಾಕಿಕೊಳ್ಳುವ ಹತ್ತು ನಿಮಿಷಕ್ಕೂ, ಎಂಟಕ್ಕೆ ಮುಚ್ಚುವ ಆ ಗೇಟಿಗೂ ನಮ್ಮ ವಿಮರ್ಶೆಯಲ್ಲಿ ಇನ್ನೂ ಒಂದು ವಾಕ್ಯ ಹುಟ್ಟಿಲ್ಲ.

ಅದನ್ನು ನೀನೇ ಬರಿ, ಇದೇ ಸಂಚಿಕೆಗೆ ಕೊಡೋಣ ಅಂದೆ. ಇನ್ನೂ ನಲವತ್ತು ಪತ್ರಿಕೆ ತಿದ್ದೋದಿದೆ, ಅದು ಮುಗೀಲಿ ಅಂದಳು.