ಹೇಳದೆ ಉಳಿಸಿದ ಮಾತು

ಒಡೆದ ಮನೆಯ ಕಥೆ ಕನ್ನಡ ವಾಚಕರಿಗೆ ಹೊಸದಲ್ಲ. ಅತ್ತೆಯ ಕಾಟ, ಸೊಸೆಯ ಕಣ್ಣೀರು, ಅಣ್ಣತಮ್ಮಂದಿರ ಪಾಲಿನ ಜಗಳ—ಇವನ್ನೆಲ್ಲ ನಾವು ಬೇಕಾದಷ್ಟು ಓದಿದ್ದೇವೆ. ಆದರೆ 2013ರಲ್ಲಿ ಪ್ರಕಟವಾದ ಶ್ರೀ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಕಿರುಕಾದಂಬರಿಯಲ್ಲಿ ಮನೆ ಒಡೆಯುವುದೇ ಇಲ್ಲ. ಎಲ್ಲರೂ ಒಗ್ಗಟ್ಟಾಗಿದ್ದಾರೆ, ಕೇಡೆಲ್ಲ ಹುಟ್ಟುವುದು ಆ ಒಗ್ಗಟ್ಟಿನಿಂದಲೇ. ಲೇಖಕರು ಈ ಮಾತನ್ನು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಹೇಳದೆಯೇ ಅದು ನಮಗೆ ತಿಳಿಯುವ ಬಗೆ ಹೇಗೆಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕೆಂದಿದ್ದೇನೆ.

ಕಥೆ ಸರಳವಾದುದು. ಬೆಂಗಳೂರಿನಲ್ಲಿ ಸಣ್ಣದೊಂದು ಬಾಡಿಗೆ ಮನೆ. ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆ. ಅಪ್ಪ ಸೇಲ್ಸ್‌ಮನ್. ಅವನ ನೌಕರಿ ನಿಂತ ಮೇಲೆ ಚಿಕ್ಕಪ್ಪ ‘ಸೋನಾ ಮಸಾಲಾ’ ವ್ಯಾಪಾರ ಹೂಡುತ್ತಾನೆ. ಹಣ ಬರುತ್ತದೆ, ಹೊಸ ಮನೆಯೂ ಬರುತ್ತದೆ. ಕಥೆ ಹೇಳುವ ಮಗನಿಗೆ ಆ ಕಂಪನಿಯಲ್ಲಿ ಕೆಲಸವಿಲ್ಲ, ಸಂಬಳವುಂಟು. ಹೈದರಾಬಾದಿನಿಂದ ಬಂದ ಸೊಸೆ ಅನಿತಾ ಮಾತ್ರ ಆ ಮನೆಯಲ್ಲಿ ಕೇಳಬಾರದ ಪ್ರಶ್ನೆಗಳನ್ನು ಕೇಳುತ್ತಾಳೆ.

ಲೇಖಕರ ಮೊದಲ ಉಪಾಯವೆಂದರೆ ಈ ನಿರೂಪಕ. ಇವನಿಗೆ ಹೆಸರಿಲ್ಲ. ಮೆಲುಮಾತಿನವನು, ಕೆಟ್ಟವನೆಂದು ಹೇಳುವಂತಿಲ್ಲ. ಮನೆಯವರು ಮಾಡಿದ್ದಕ್ಕೆಲ್ಲ ಇವನ ಬಳಿ ಒಂದು ಸಮಜಾಯಿಷಿ ಸಿದ್ಧವಾಗಿದೆ. ಓದುತ್ತ ಹೋದಂತೆ ನಾವೂ ಅದಕ್ಕೆ ತಲೆದೂಗುತ್ತೇವೆ.

ಎರಡನೆಯದು, ದೃಶ್ಯಗಳನ್ನು ಇಟ್ಟ ರೀತಿ. ಹಳೆಯ ಮನೆಯಲ್ಲಿ ಇರುವೆಗಳ ಕಾಟ. ಅಮ್ಮನೂ ಮಗಳು ಮಾಲತಿಯೂ ಅವುಗಳ ಮೇಲೆ ಯುದ್ಧವನ್ನೇ ಸಾರುತ್ತಾರೆ. ಕೊಲ್ಲುವುದರಲ್ಲಿ ಒಂದು ಉತ್ಸಾಹವೇ ಬಂದುಬಿಡುತ್ತದೆ. ಬೇರೊಂದು ಕಡೆ, ಹೊಸ ಮನೆಯ ಬಾಗಿಲಿಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ, ಅವನಿಗೆಂದು ಅಡಿಗೆ ಮಾಡಿ ತಂದಿದ್ದಾಳೆ. ಅದೇ ತಾಯಿ, ಅದೇ ಮಗಳು ಅವಳನ್ನು ಬೈದು ಅಟ್ಟುತ್ತಾರೆ. ತಂದ ಅಡಿಗೆ ನೆಲಕ್ಕೆ ಚೆಲ್ಲುತ್ತದೆ. ಚಿಕ್ಕಪ್ಪ ಒಳಗಿನಿಂದ ಹೊರಬರುವುದಿಲ್ಲ. ಈ ಎರಡು ಪ್ರಸಂಗಗಳಿಗೆ ಲೇಖಕರು ಒಂದು ಮಾತಿನ ಸೇತುವೆಯನ್ನೂ ಕಟ್ಟಿಲ್ಲ. ಮೊದಲ ಓದಿನಲ್ಲಿ ಇರುವೆಯ ಪ್ರಸಂಗಕ್ಕೆ ನಾನು ನಕ್ಕಿದ್ದೆ. ಎರಡನೆಯ ಓದಿನಲ್ಲಿ ಆ ನಗು ನೆನಪಾಗಿ ನಾಚಿಕೆಯಾಯಿತು. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದದ್ದು ಇಂಥದನ್ನೇ ಅಲ್ಲವೆ?

ಇನ್ನು ಹೆಸರು. ‘ಘಾಚರ್ ಘೋಚರ್’ ಯಾವ ನಿಘಂಟಿನಲ್ಲಿಯೂ ಸಿಕ್ಕದ ಮಾತು. ಬಿಡಿಸಲಾಗದ ಸಿಕ್ಕಿಗೆ ಅನಿತಾಳ ತವರಿನವರು ಇಟ್ಟುಕೊಂಡ ಹೆಸರು. ಹೊಸ ಹೆಂಡತಿ ಅದನ್ನು ಗಂಡನಿಗೆ ಸಲಿಗೆಯಿಂದ ಕಲಿಸುತ್ತಾಳೆ. ಪ್ರೀತಿಯ ಗಳಿಗೆಯಲ್ಲಿ ಕಲಿತ ಆ ಮಾತೇ ಮುಂದೆ ಅವನ ಬದುಕಿನ ವರ್ಣನೆಯಾಗುತ್ತದೆ.

ಒಂದು ಆಕ್ಷೇಪವನ್ನೂ ಹೇಳಬೇಕು. ನಿರೂಪಕ ಹೊತ್ತು ಕಳೆಯುವ ಕಾಫಿ ಹೌಸಿನ ಮಾಣಿ ವಿನ್ಸೆಂಟನ ಮಾತುಗಳು ಬೇಕಾದಾಗಲೆಲ್ಲ ಕಣಿಯಂತೆ ಬಂದು ಒದಗುತ್ತವೆ. ಇಷ್ಟು ಮೌನವನ್ನು ನಂಬಿದ ಕೃತಿಗೆ ಅವನಷ್ಟು ಜಾಣ ಬೇಕಾಗಿರಲಿಲ್ಲವೆಂದು ನನಗೆ ತೋರುತ್ತದೆ.

ಆದರೂ ಕೊನೆಯನ್ನು ಮರೆಯುವಂತಿಲ್ಲ. ತವರಿಗೆ ಹೋದ ಅನಿತಾ ಹಿಂತಿರುಗಿಲ್ಲ. ಕಾಫಿ ಹೌಸಿನಲ್ಲಿ ಕುಳಿತ ಗಂಡನ ಕೈಯಲ್ಲಿ ಲೋಟ ಒಡೆದು ರಕ್ತ ಬಂದಿದೆ. ಅವಳಿಗೆ ಏನಾಯಿತು? ಲೇಖಕರು ಉತ್ತರ ಕೊಡುವುದಿಲ್ಲ. ಮನೆಯ ಮರ್ಯಾದೆಗಾಗಿ ನಾವೆಷ್ಟು ಸಲ ಬಾಯಿ ಮುಚ್ಚಿಕೊಂಡು ಕುಳಿತಿದ್ದೇವೆಂದು ಎಣಿಸಲು ತೊಡಗಿದರೆ, ಆ ಉತ್ತರಕ್ಕಾಗಿ ಪುಸ್ತಕವನ್ನು ಮತ್ತೆ ತೆರೆಯಬೇಕಾಗಿಲ್ಲ.