ಪ್ರತಿಧ್ವನಿಗೂ ಪಕ್ಕವಾದ್ಯದ ಮರ್ಯಾದೆ

ಈ ವಾರ ನಾಯ್ಸ್ ಗೇಟ್ ಬಗ್ಗೆ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ. ಒಂದು ಪ್ಯಾರಾದ ಮಟ್ಟಿಗೆ ಉಳಿಸಿಕೊಳ್ಳುತ್ತೇನೆ.

1987ರಲ್ಲಿ ಬಂದ ಬಾಸ್ ಎನ್‌ಎಸ್-2 ಎಂಬ ನಾಯ್ಸ್ ಗೇಟ್ ಪೆಡಲ್ಲನ್ನು ಕೊಂಡವರಲ್ಲಿ ಬಹಳ ಮಂದಿ ಇನ್‌ಪುಟ್ಟಿಗೊಂದು, ಔಟ್‌ಪುಟ್ಟಿಗೊಂದು ಕೇಬಲ್ ಚುಚ್ಚಿ ಸುಮ್ಮನಾಗುತ್ತಾರೆ. ಅದರ ಜಾಣತನ ಇರುವುದು ಸೆಂಡ್, ರಿಟರ್ನ್ ಎಂಬ ಉಳಿದೆರಡು ಜ್ಯಾಕಿನಲ್ಲಿ. ಡಿಸ್ಟಾರ್ಶನ್ನನ್ನು ಆ ಸುತ್ತಿನೊಳಗೆ ಕೂರಿಸಿ ನೋಡಿ. ಬಾಗಿಲು ಮುಚ್ಚುವುದು ಡಿಸ್ಟಾರ್ಶನ್ ದಾಟಿ ಬಂದ ಗದ್ದಲಕ್ಕೆ, ಕಾವಲುಗಾರನ ಕಣ್ಣು ಮಾತ್ರ ಗಿಟಾರಿನಿಂದ ಆಗಷ್ಟೇ ಹೊರಟ ಶುದ್ಧ ಸ್ವರದ ಮೇಲೆ. ತಗ್ಗುವ ಸದ್ದು ಒಂದು, ತಗ್ಗು ಅನ್ನುವ ಸದ್ದು ಇನ್ನೊಂದು. ಸೈಡ್‌ಚೈನ್ ಅಂದರೆ ಅದೇ.

ಈಗ ಸೈಡ್‌ಚೈನ್ ಅಂದ ಕೂಡಲೇ ಕಿಕ್ ಡ್ರಮ್ ಬಿದ್ದಾಗಲೆಲ್ಲ ಇಡೀ ಹಾಡು ಕುಸಿದು ಏಳುವ ಆ ಉಬ್ಬಸ ನೆನಪಾಗುತ್ತದೆ. 2004ರಲ್ಲಿ ಎರಿಕ್ ಪ್ರಿಡ್ಜ್‌ನ 'ಕಾಲ್ ಆನ್ ಮಿ' ಬಂದಾಗ ನಾನೂ ಕುಣಿದವನೇ. ಕುಣಿಯುವ ಕಡೆ ಸರಿ. ಗಿಟಾರಿಗೂ ಆ ಉಬ್ಬಸ ಅಂಟಿಸುವವರ ಜೊತೆ ನನ್ನ ಜಗಳ ಹಳೆಯದು, ಇವತ್ತೂ ರಾಜಿ ಇಲ್ಲ.

ಇಷ್ಟು ಬರೆಯುವ ಹೊತ್ತಿಗೆ ರೇಡಿಯೊದಲ್ಲಿ ತೋಡಿ ಆಲಾಪನೆ ಶುರುವಾಯಿತು, ಗೇಟು ಅಲ್ಲಿಗೇ ನಿಂತಿತು. ಗಾಯಕರು ಹಾಡುತ್ತಿರುವಷ್ಟು ಹೊತ್ತು ಪಿಟೀಲು ತಗ್ಗಿದ ದನಿಯಲ್ಲಿ, ಕೂದಲೆಳೆಯಷ್ಟು ಹಿಂದೆ. ಅವರು ಉಸಿರೆಳೆದುಕೊಂಡರೋ, ಕೊನೆಯ ಸಂಗತಿಯನ್ನು ಎತ್ತಿಕೊಂಡು ಕಮಾನು ಮೇಲೇರುತ್ತದೆ. ಮತ್ತೆ ಬಾಯಿ ತೆರೆದರೋ, ಸರಕ್ಕನೆ ಕೆಳಕ್ಕೆ. ಡಿಲೇ ಎಫೆಕ್ಟಿಗೆ ನಾನು ಇಷ್ಟು ವರ್ಷ ಕಲಿಸಲು ಹೆಣಗುತ್ತಿರುವ ಪಾಠ ಇದೇ ಅಲ್ಲವೇ!

ಡೆನ್ಮಾರ್ಕಿನ ಟಿಸಿ ಎಲೆಕ್ಟ್ರಾನಿಕ್‌ನವರ 2290 ಅನ್ನುವ ರ‍್ಯಾಕ್ ಪೆಟ್ಟಿಗೆ 1985ರಲ್ಲೇ ಇದನ್ನು ಕಲಿತಿತ್ತು. ನುಡಿಸುತ್ತಿರುವಾಗ ಪ್ರತಿಧ್ವನಿ ಅಡಗುತ್ತದೆ, ಬೆರಳು ನಿಂತಾಗ ಅರಳುತ್ತದೆ. ಯು2 ತಂಡದ ಎಡ್ಜ್ ಬಳಸಿದ ಯಂತ್ರ. 1999ರ ಲೈನ್ 6 ಕಂಪನಿಯ ಹಸಿರು ಡಿಎಲ್4 ಪೆಡಲ್ಲಿನಲ್ಲೂ ಅದರ ನಕಲೊಂದಿದೆ. ಈಗಿನ ಮಾಡೆಲರ್‌ಗಳಲ್ಲಿ ಡಕಿಂಗ್ ಅನ್ನುವ ಒಂದೇ ತಿರುಪು.

ತಿರುಪಿಗಿಂತ ನನಗೆ ಕೈಯಾರೆ ಕಟ್ಟಿದ್ದೇ ಇಷ್ಟ. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಡಿಲೇಗೆ ಪ್ರತ್ಯೇಕ ಟ್ರ್ಯಾಕ್, ನೂರಕ್ಕೆ ನೂರು ವೆಟ್. ಅದರ ಕೆಳಗೆ ರಿಯಾಕಾಂಪ್ ಅನ್ನುವ ಕಂಪ್ರೆಸರ್. ಗಿಟಾರಿನ ಕ್ಲೀನ್ ಸಿಗ್ನಲ್ಲನ್ನು ಅದೇ ಟ್ರ್ಯಾಕಿನ 3/4 ಚಾನೆಲ್ಲಿಗೆ ಕಳಿಸಿ, ಕಂಪ್ರೆಸರಿನ ಡಿಟೆಕ್ಟರ್ ಆಕ್ಸಿಲರಿ ಇನ್‌ಪುಟ್ ಕೇಳುವಂತೆ ಮಾಡಿದರೆ ಆಯಿತು. ಅಟ್ಯಾಕ್ ಐದು ಮಿಲಿಸೆಕೆಂಡ್ ಇರಲಿ. ಥ್ರೆಶೋಲ್ಡನ್ನು ಇಳಿಸುತ್ತ ಹೋಗಿ, ಜೋರಾಗಿ ಮೀಟಿದಾಗ ಸೂಜಿ ಸುಮಾರು 12 ಡೆಸಿಬಲ್ ಇಳಿದರೆ ಸಾಕು. ಪೂರ್ತಿ ಬಾಯಿ ಮುಚ್ಚಿಸಬೇಡಿ, ಒಳ್ಳೆಯ ಪಿಟೀಲುಗಾರರು ಯಾವತ್ತಾದರೂ ಕಮಾನು ಕೆಳಗಿಡುತ್ತಾರೆಯೇ?

ಕಷ್ಟ ಇರುವುದು ರಿಲೀಸಿನಲ್ಲಿ. 50 ಮಿಲಿಸೆಕೆಂಡ್ ಇಟ್ಟರೆ ಎರಡು ಸ್ವರದ ಸಂದಿನಲ್ಲೂ ಪ್ರತಿಧ್ವನಿ ಇಣುಕುತ್ತದೆ, ಸಭೆಯಲ್ಲಿ ಪಕ್ಕದವನು ಪಿಸುಗುಟ್ಟಿದ ಹಾಗೆ. ಒಂದು ಸೆಕೆಂಡ್ ಮಾಡಿದರೆ ಅದು ಏಳುವಷ್ಟರಲ್ಲಿ ಮೊದಲ ಎರಡು ಮರುದನಿ ಮುಗಿದಿರುತ್ತವೆ. 120ರ ಲಯದಲ್ಲಿ ಡಾಟೆಡ್ ಎಯ್ತ್ ಅಂದರೆ 375 ಮಿಲಿಸೆಕೆಂಡ್. ರಿಲೀಸನ್ನೂ ಅದರ ಆಸುಪಾಸಿನಲ್ಲಿಟ್ಟು ಕಿವಿಯಿಂದ ತಿದ್ದುವುದು ನನ್ನ ರೂಢಿ. ಕಣ್ಣು ಮುಚ್ಚಿಕೊಂಡು ತಿದ್ದಿ, ಪರದೆಯ ಅಂಕಿ ನೋಡಿದರೆ ಕೈ ಕೆಡುತ್ತದೆ.

ಕ್ಲೀನ್ ಸಿಗ್ನಲ್ ಅಂದೆನಲ್ಲ, ಅದು ಅನುಭವದ ಮಾತು. ಹಿಂದೊಮ್ಮೆ ಒಂದು ಕಾಲೇಜಿನ ವೇದಿಕೆಯಲ್ಲಿ ಆತುರಕ್ಕೆ ಡಿಟೆಕ್ಟರಿಗೆ ಡಿಸ್ಟಾರ್ಶನ್ ಆದ ಮೇಲಿಂದ ಎಳೆ ಕೊಟ್ಟಿದ್ದೆ. ಡಿಸ್ಟಾರ್ಶನ್ ಏರಿಳಿತವನ್ನೆಲ್ಲ ಹಲಗೆಯಂತೆ ಚಪ್ಪಟೆ ಮಾಡುತ್ತದೆ, ಸ್ವರ ಸಾಯುವುದೇ ಇಲ್ಲ. ಕಾದು ಕೂತ ಡಿಲೇಗೆ ಇಡೀ ಹಾಡಿನಲ್ಲಿ ಒಂದು ಸಲವೂ ಎಡೆ ಸಿಗಲಿಲ್ಲ. ಹಾಡು ಮುಗಿಸಿ ಅಂಗೈಯಲ್ಲಿ ತಂತಿ ಅದುಮಿದೆ. ನಿರೂಪಕಿ ಮೈಕ್ ಹಿಡಿದು "ಈಗ ಪ್ರಾಂಶುಪಾಲರು..." ಅನ್ನುವಷ್ಟರಲ್ಲಿ ನನ್ನ ಪ್ರತಿಧ್ವನಿ ಭರ್ರನೆ ಎದ್ದು ನಿಂತಿತು.