ಅಭಿಮಾನಿಯ ಮರುಸೃಷ್ಟಿ: ಕುಮಾರರಾಮನ ಕಥೆಯ ಬೆಳಕಿನಲ್ಲಿ ಒಂದು ವಿವೇಚನೆ

ಬಾಲ್ಯದಲ್ಲಿ ಮನಸೋತ ವೀರನೊಬ್ಬನನ್ನು ಪ್ರಾಯಕ್ಕೆ ಬಂದ ಮೇಲೆ ತನ್ನದೇ ರೀತಿಯಲ್ಲಿ ಮತ್ತೊಮ್ಮೆ ಸೃಷ್ಟಿಸಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ಅದಕ್ಕೆ ಒದಗಿರುವ ಉಪಕರಣ ಮಾತ್ರ ಹೊಸದು. ಜನಪ್ರಿಯವಾದ ಧಾರಾವಾಹಿಯನ್ನೋ ಚಿತ್ರವನ್ನೋ ಆಧಾರವಾಗಿಟ್ಟುಕೊಂಡು, ಅದನ್ನು ಮೆಚ್ಚಿದವರೇ ತಯಾರಿಸುವ ಕೃತಿಗಳನ್ನು ಇಲ್ಲಿ ‘ಅಭಿಮಾನಿ ಚಲನಚಿತ್ರ’ವೆಂದು ಕರೆಯಲಾಗಿದೆ. ಇವನ್ನು ಹುಡುಗಾಟವೆಂದು ತಳ್ಳಿಹಾಕುವವರುಂಟು. ಹೊಸ ಕಾಲದ ಜಾನಪದವೆಂದು ಕೊಂಡಾಡುವವರೂ ಉಂಟು. ಈ ಎರಡು ನಿಲುವುಗಳಲ್ಲಿಯೂ ವಿಮರ್ಶೆಯ ಶ್ರಮವಿಲ್ಲ. ಇಂತಹ ಕೃತಿಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು, ಆ ಅಳತೆಗೋಲು ನಮ್ಮ ನಾಡಿನ ಪರಂಪರೆಯಲ್ಲಿಯೇ ದೊರೆಯುವುದೇ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆಯನ್ನು ರಚಿಸಿದುದು ೧೯೯೭ರಲ್ಲಿ. ದೂರದರ್ಶನದಲ್ಲಿ ‘ಶಕ್ತಿಮಾನ್’ ಧಾರಾವಾಹಿ ಪ್ರಾರಂಭವಾದುದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ೨೦೦೫ರವರೆಗೆ ನಡೆದ ಈ ಧಾರಾವಾಹಿಯಲ್ಲಿ ಮುಕೇಶ್ ಖನ್ನಾ ಅವರು ವಹಿಸಿದ ಪಾತ್ರ, ಹಿಂದಿಯನ್ನು ಅರೆಬರೆಯಾಗಿ ಬಲ್ಲ ನಮ್ಮ ಸೀಮೆಯ ಮಕ್ಕಳಿಗೂ ಆಪ್ತವಾಯಿತು. ಪತ್ರಿಕಾ ಕಚೇರಿಯಲ್ಲಿ ನಗೆಪಾಟಲಿಗೀಡಾಗುವ ಛಾಯಾಗ್ರಾಹಕ ಗಂಗಾಧರನೇ ಯೋಗಬಲದಿಂದ ಪಂಚಭೂತಗಳ ಶಕ್ತಿಯನ್ನು ಪಡೆದ ವೀರ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪತ್ರಿಕೆಯವನ ವೇಷದಲ್ಲಿ ಅಡಗಿರುವ ಅತಿಮಾನುಷ ವೀರನ ಕಲ್ಪನೆ ೧೯೩೮ರಲ್ಲಿಯೇ ಅಮೆರಿಕದ ‘ಸೂಪರ್‌ಮ್ಯಾನ್’ ಚಿತ್ರಕಥೆಯಲ್ಲಿ ಕಾಣಿಸಿಕೊಂಡಿತ್ತು. ಆದುದರಿಂದ ನಾವು ಮೂಲವೆಂದು ಭಾವಿಸುವ ಕೃತಿಯೂ ಒಂದು ಬಗೆಯ ಮರುಸೃಷ್ಟಿಯೇ. ಮರುಸೃಷ್ಟಿ ಸಲ್ಲುವುದೇ ಎಂದು ಕೇಳುವುದು ವ್ಯರ್ಥ. ಅದು ಏನನ್ನು ಉಳಿಸಿತು, ಏನನ್ನು ಕಳೆಯಿತು ಎಂದು ಕೇಳುವುದೇ ಯುಕ್ತ.

ಈ ಪ್ರಶ್ನೆಯನ್ನು ಪರೀಕ್ಷಿಸಲು ನಮ್ಮ ಸೀಮೆಗಿಂತ ಉತ್ತಮವಾದ ಸ್ಥಳ ದೊರೆಯುವುದು ಕಷ್ಟ. ಗಂಗಾವತಿಯ ಕಡೆಯ ಕುಮ್ಮಟದುರ್ಗ, ಗಂಡುಗಲಿ ಕುಮಾರರಾಮನ ಕೋಟೆಯೆಂದು ಸುವಿದಿತ. ಇಲ್ಲಿಯ ಮಕ್ಕಳಿಗೆ ದೂರದರ್ಶನ ಬರುವುದಕ್ಕೆ ಶತಮಾನಗಳ ಮೊದಲೇ ಇದ್ದ ವೀರನೆಂದರೆ ಅವನೇ. ಅವನ ಕಥೆಯನ್ನು ಹಾಡಿದವರು, ಆಡಿದವರು, ಬರೆದವರು ಯಾರೂ ಅವನ ಕಾಲದವರಲ್ಲ, ಎಲ್ಲರೂ ಅಭಿಮಾನಿಗಳೇ.

ಮೊದಲು ಇತಿಹಾಸವನ್ನು ನೋಡೋಣ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಸೋದರಸಂಬಂಧಿಯಾದ ಬಹಾವುದ್ದೀನ್ ಗುರ್ಶಾಸ್ಪನು ದಂಗೆಯೆದ್ದು ಸೋತು, ಕಂಪಿಲಿಯ ಅರಸ ಕಂಪಿಲರಾಯನ ಮರೆಹೊಕ್ಕನು. ಅವನನ್ನು ಒಪ್ಪಿಸಲು ರಾಯನು ಸಿದ್ಧನಾಗಲಿಲ್ಲ. ೧೩೨೭ರ ಸುಮಾರಿನಲ್ಲಿ ದಿಲ್ಲಿಯ ಸೈನ್ಯ ಬಂದಿತು, ಕೋಟೆಗಳು ಬಿದ್ದವು, ರಾಣೀವಾಸದವರು ಅಗ್ನಿಪ್ರವೇಶ ಮಾಡಿದರು, ರಾಯನು ಹೋರಾಡಿ ಮಡಿದನು. ಮೊರಾಕ್ಕೋದಿಂದ ಬಂದು ೧೩೩೩ರಲ್ಲಿ ಸಿಂಧೂ ತೀರವನ್ನು ಸೇರಿದ ಇಬ್ನ್ ಬತೂತನು ಈ ವೃತ್ತಾಂತವನ್ನು ವಿವರವಾಗಿ ಬರೆದಿದ್ದಾನೆ. ಸಾಯುವುದು ನಿಶ್ಚಯವಾದಾಗಲೂ ರಾಯನು ಆಶ್ರಿತನನ್ನು ಬೇರೊಬ್ಬ ಅರಸನ ಬಳಿಗೆ ಕಳುಹಿಸಿ, ಆಮೇಲೆ ತನ್ನ ಅಂತ್ಯಕ್ಕೆ ಅಣಿಯಾದನೆಂಬುದು ಅವನ ಬರೆಹದ ಮುಖ್ಯಾಂಶ. ಆ ಎರಡನೆಯ ಅರಸ, ಎಂದರೆ ಹೊಯ್ಸಳ ಮೂರನೆಯ ಬಲ್ಲಾಳ, ಗುರ್ಶಾಸ್ಪನನ್ನು ಸುಲ್ತಾನನಿಗೆ ಒಪ್ಪಿಸಿದನು. ಕುಮಾರರಾಮನ ಹೆಸರು ಇಬ್ನ್ ಬತೂತನ ಬರೆಹದಲ್ಲಿ ಇಲ್ಲವೆಂಬುದೂ ಗಮನಾರ್ಹ. ಪರದೇಶದ ಪ್ರವಾಸಿಯನ್ನು ಬೆರಗುಗೊಳಿಸಿದುದು ಮಗನ ಪರಾಕ್ರಮವಲ್ಲ, ತಂದೆಯು ಕೊಟ್ಟ ಮಾತು.

ಇನ್ನು ಅಭಿಮಾನಿಗಳ ಕಥೆ. ಘಟನೆ ನಡೆದು ಸುಮಾರು ಎರಡು ನೂರು ವರ್ಷಗಳಾದ ಮೇಲೆ ನಂಜುಂಡ ಕವಿ, ಆಮೇಲೆ ಹದಿನೇಳನೆಯ ಶತಮಾನದಲ್ಲಿ ಪಾಂಚಾಳ ಗಂಗ ಮೊದಲಾದವರು ಇದನ್ನು ಸಾಂಗತ್ಯದಲ್ಲಿ ಹಾಡಿದರು. ಇವರ ಕೈಯಲ್ಲಿ ಕಥೆಯ ತೂಕ ತಂದೆಯಿಂದ ಮಗನಿಗೆ ವಾಲಿತು. ಚೆಂಡಾಟದ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುವುದು, ಅವಳು ಮಲಮಗನಲ್ಲಿ ಮೋಹಗೊಳ್ಳುವುದು, ಅವನು ನಿರಾಕರಿಸುವುದು, ಸುಳ್ಳು ದೂರನ್ನು ನಂಬಿ ರಾಯನು ಮಗನ ತಲೆಯನ್ನು ತೆಗೆಸಲು ಅಪ್ಪಣೆಮಾಡುವುದು, ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ ರಾಮನನ್ನು ಅಡಗಿಸಿಡುವುದು, ಶತ್ರುಗಳು ಮುತ್ತಿದಾಗ ಸತ್ತನೆಂದು ತಿಳಿದ ವೀರ ಎದ್ದುಬಂದು ಹೋರಾಡುವುದು: ಜನಮನದಲ್ಲಿ ನಿಂತುದು ಇಷ್ಟು. ‘ಪರದಾರ ಸೋದರ’ನೆಂಬ ಬಿರುದಿನಿಂದ ಅವನು ಮಲೆನಾಡಿನ ಹಳ್ಳಿಗಳಲ್ಲಿಯೂ ಪೂಜೆಗೊಂಡನು. ಆಶ್ರಿತರಕ್ಷಣೆಯ ಸಂಗತಿ ಕಥೆಯ ನಡುಮನೆಯಿಂದ ಪಡಸಾಲೆಗೆ ಸರಿಯಿತು.

ಇದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಮಡಿದುಹೋದ ಸಣ್ಣ ರಾಜ್ಯವೊಂದರ ನೆನಪು ಶಾಸನಗಳ ಮರೆಯಲ್ಲಿ ಮಾಸದೆ ಕೃಷಿಕರ ಬಾಯಲ್ಲಿ ಉಳಿದುದು ಈ ಹಾಡುಗಳಿಂದ. ಸೋತವನನ್ನು ನಾಯಕನನ್ನಾಗಿಸುವ ಧೈರ್ಯ ಆಸ್ಥಾನದ ಪ್ರಶಸ್ತಿಕಾರರಿಗೆ ಸುಲಭವಾಗಿ ಬಾರದು, ಅಭಿಮಾನಕ್ಕೆ ಬರುತ್ತದೆ. ಆದರೆ ಬೆಲೆ ತೆತ್ತವರು ಇಬ್ಬರು. ಮುದಿ ಅರಸನ ಕೈಹಿಡಿದ ಎಳೆಯ ರಾಣಿ ದುಷ್ಟೆಯೆಂಬ ಒಂದೇ ಬಣ್ಣದಲ್ಲಿ ಉಳಿದಳು. ಅನ್ಯಧರ್ಮೀಯನೂ ಶತ್ರುವಿನ ಬಂಧುವೂ ಆದವನಿಗಾಗಿ ರಾಜ್ಯವನ್ನೇ ಪಣವಾಗಿಟ್ಟ ಕಂಪಿಲರಾಯನು, ಹೆಂಡತಿಯ ಮಾತಿಗೆ ಮರುಳಾದ ಮುದುಕನಾಗಿ ಕಂಡನು. ನಮ್ಮ ನಾಡಿನ ಚರಿತ್ರೆಯ ಅತ್ಯುನ್ನತ ನೈತಿಕ ಕ್ಷಣಗಳಲ್ಲೊಂದು ಹೀಗೆ ಪ್ರೀತಿಯ ಅತಿಶಯದಿಂದಲೇ ಮಸುಕಾಯಿತು. ೨೦೦೬ರಲ್ಲಿ ಶಿವರಾಜಕುಮಾರ್ ಅವರು ನಟಿಸಿದ ‘ಗಂಡುಗಲಿ ಕುಮಾರರಾಮ’ ಚಿತ್ರವೂ ತನ್ನ ಹೆಸರಿನಲ್ಲಿಯೇ ಮಗನನ್ನು ಆರಿಸಿಕೊಂಡಿದೆ.

ಇದರಿಂದ ಮೂರು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು. ಮೂಲದಲ್ಲಿ ಮಾಡಿದ ಬದಲಾವಣೆಗೆ ಒಳಗಿನ ಕಾರಣವಿದೆಯೇ? ಹೊಸ ಕಥೆ ಯಾರಿಗೆ ದನಿ ಕೊಟ್ಟಿತು? ಯಾರ ದನಿಯನ್ನು ಅಡಗಿಸಿತು?

೧೯೯೩ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ‘ಪವರ್ ರೇಂಜರ್ಸ್’ ಮಕ್ಕಳ ಧಾರಾವಾಹಿ, ಜಪಾನಿನ ಧಾರಾವಾಹಿಯೊಂದರ ದೃಶ್ಯಗಳನ್ನು ಬಳಸಿಕೊಂಡು ಕಟ್ಟಿದ್ದು. ಅದನ್ನು ಆಧರಿಸಿ ೨೦೧೫ರ ಫೆಬ್ರವರಿಯಲ್ಲಿ ಜೋಸೆಫ್ ಕಾನ್ ನಿರ್ದೇಶಿಸಿದ, ಭಾರತ ಮೂಲದ ಆದಿ ಶಂಕರ್ ನಿರ್ಮಿಸಿದ ಕಿರುಚಿತ್ರವೊಂದು ಹೊರಬಂದಿತು. ಬಣ್ಣದ ಉಡುಪಿನ ವೀರರು ಇಲ್ಲಿ ಯುದ್ಧದಿಂದ ಜರ್ಜರಿತರು, ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಶಾಲೆಯ ಹುಡುಗರನ್ನು ಯುದ್ಧಕ್ಕೆ ಕರೆದೊಯ್ದುದು ಸರಿಯೇ ಎಂಬ ಪ್ರಶ್ನೆ ಮೂಲದೊಳಗೆ ಅಡಗಿದ್ದುದೇ. ಅದನ್ನು ಹೊರಗೆಳೆದುದು ಈ ಚಿತ್ರದ ನಿಜವಾದ ಸಾಧನೆ. ಆದರೆ ಪ್ರಶ್ನೆಯನ್ನೆತ್ತಿದ ಚಿತ್ರ ಅದರ ಬಳಿ ನಿಲ್ಲುವುದಿಲ್ಲ. ರಕ್ತಪಾತದ ಬೆಡಗಿನಲ್ಲಿ ಅದು ಕರಗುತ್ತದೆ. ಕತ್ತಲೆಯನ್ನೇ ಪ್ರೌಢತೆಯೆಂದು ಬಗೆಯುವುದು ಈ ಕಾಲದ ಮರುಸೃಷ್ಟಿಗಳಿಗೆ ಅಂಟಿದ ದೋಷ. ಬಾಲ್ಯವನ್ನು ಮೀರುವುದೆಂದರೆ ಬಾಲ್ಯವನ್ನು ಹಳಿಯುವುದಲ್ಲ.

ಇದಕ್ಕೆ ಪ್ರತಿಯಾಗಿ ಮಹಾರಾಷ್ಟ್ರದ ಮಾಲೆಗಾಂವ್ ಪಟ್ಟಣವನ್ನು ನೋಡಬಹುದು. ವಿದ್ಯುತ್ ಮಗ್ಗಗಳ ಈ ಊರಿನಲ್ಲಿ ನಾಸಿರ್ ಶೇಖ್ ಮತ್ತು ಅವರ ಗೆಳೆಯರು ಪ್ರಸಿದ್ಧ ಚಿತ್ರಗಳನ್ನು ತಮ್ಮ ಊರಿನ ಮಾತಿನಲ್ಲಿ, ಊರಿನ ನಗೆಯಲ್ಲಿ ಮತ್ತೆ ತೆಗೆದರು. ಅವರು ಸೂಪರ್‌ಮ್ಯಾನ್‌ನನ್ನು ಮಾಲೆಗಾಂವಿಗೆ ಕರೆತಂದ ಬಗೆಯನ್ನು ಫೈಜಾ ಅಹ್ಮದ್ ಖಾನ್ ಅವರ ೨೦೦೮ರ ಸಾಕ್ಷ್ಯಚಿತ್ರ ದಾಖಲಿಸಿದೆ. ನಾಯಕನ ಪಾತ್ರಧಾರಿ ಮಗ್ಗದ ಕೆಲಸಗಾರ, ಸಣಕಲು ದೇಹದವನು. ಹಾರಾಟವೆಲ್ಲ ಹಸಿರು ಬಟ್ಟೆಯ ಮುಂದೆ. ತಂತ್ರ ಬಡವಾಗಿದ್ದರೂ ಮೂರೂ ಪ್ರಶ್ನೆಗಳಿಗೆ ಈ ಪ್ರಯತ್ನ ಉತ್ತರ ಕೊಡಬಲ್ಲುದು. ಲೋಕವನ್ನೆಲ್ಲ ರಕ್ಷಿಸುವ ವೀರ ನಮ್ಮ ಓಣಿಗೆ ಬಂದರೆ ಏನಾದೀತು ಎಂಬುದೇ ಬದಲಾವಣೆಯ ಕಾರಣ. ದನಿ ಪಡೆದವರು ತೆರೆಯ ಮೇಲೆ ತಮ್ಮನ್ನೆಂದೂ ಕಾಣದಿದ್ದ ದುಡಿಮೆಗಾರರು. ಮೂಲದ ವೀರನಿಗೂ ಅವಮಾನವಾಗಲಿಲ್ಲ.

ಈ ಮಾರ್ಗ ನಮಗೆ ಅಪರಿಚಿತವಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರು ಉಳಿಸಿಕೊಂಡು ಬಂದ ತೊಗಲುಗೊಂಬೆಯಾಟದ ಪರಂಪರೆಯಲ್ಲಿ ರಾಮ, ಭೀಮರ ನಡುವೆ ಕಿಳ್ಳೇಕ್ಯಾತನೆಂಬ ವಿದೂಷಕ ನುಗ್ಗಿ ಇಂದಿನ ಊರಿನ ಮಾತನಾಡುತ್ತಾನೆ. ಪುರಾಣವೂ ಕೆಡುವುದಿಲ್ಲ, ವರ್ತಮಾನವೂ ಮೂಕವಾಗುವುದಿಲ್ಲ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದಂತೆ ಚಲನಚಿತ್ರದ ಹಕ್ಕು ಪ್ರಕಟಣೆಯ ತರುವಾಯ ೬೦ ವರ್ಷ ಒಡೆಯನಲ್ಲಿ ಇರುತ್ತದೆ. ಮೇಲೆ ಹೇಳಿದ ಅಮೆರಿಕದ ಕಿರುಚಿತ್ರವನ್ನೂ ಹಕ್ಕುದಾರರ ಆಕ್ಷೇಪಣೆಯಿಂದ ಕೆಲಕಾಲ ತೆಗೆದುಹಾಕಲಾಗಿತ್ತು. ‘ಶಕ್ತಿಮಾನ್’ನನ್ನು ಮುಟ್ಟುವ ವಿದ್ಯಾರ್ಥಿ ಅನುಮತಿಯನ್ನು ಕೇಳಬೇಕಾಗುತ್ತದೆ. ಕುಮಾರರಾಮನಿಗೆ ಅಂತಹ ಒಡೆಯನಿಲ್ಲ. ಹಾಗೆಂದು ಅವನ ವಿಷಯದಲ್ಲಿ ಹೊಣೆ ಕಡಿಮೆಯೇ? ಕಡಿಮೆಯಲ್ಲ, ಹೆಚ್ಚು. ಧಾರಾವಾಹಿಯ ವೀರ ಕಲ್ಪಿತ. ಅವನ ಕಥೆಯನ್ನು ತಿರುಚಿದರೆ ಒಡೆಯನಿಗೆ ನಷ್ಟವಾದೀತು. ಕುಮ್ಮಟದಲ್ಲಿ ಸತ್ತವರು ನಿಜವಾದ ಮನುಷ್ಯರು. ಅವರ ಪರವಾಗಿ ಆಕ್ಷೇಪಣೆ ಸಲ್ಲಿಸುವವರಿಲ್ಲ.

ಇಂದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಜೇಬಿನಲ್ಲಿಯೇ ಚಿತ್ರೀಕರಣದ ಯಂತ್ರವಿದೆ. ಕುಮ್ಮಟದ ಕೋಟೆ ಕೂಗಳತೆಯಲ್ಲಿದೆ. ಅವರಲ್ಲಿ ಯಾರಾದರೂ ಈ ಕಥೆಯನ್ನು ಮತ್ತೊಮ್ಮೆ ಕಟ್ಟಲು ಹೊರಟರೆ ಅಧ್ಯಾಪಕರು ತಡೆಯಬೇಕಾದುದಿಲ್ಲ. ಸುಲ್ತಾನನ ಸೈನ್ಯವನ್ನು ಒಂದು ಮತದ ಸೈನ್ಯವೆಂದು, ಕುಮ್ಮಟವನ್ನು ಇನ್ನೊಂದು ಮತದ ಕೋಟೆಯೆಂದು ಚಿತ್ರಿಸುವ ಸುಲಭ ಮಾರ್ಗ ಎದುರಿಗಿದೆ. ಆ ಚಿತ್ರ ತೆರೆಯ ಮೇಲೆ ಬರಬೇಕಾದರೆ ಗುರ್ಶಾಸ್ಪನನ್ನು ಕಥೆಯಿಂದ ಹೊರಹಾಕಲೇಬೇಕು. ಅವನನ್ನು ಒಳಗೆ ಉಳಿಸಿಕೊಂಡರೆ ಕಥೆ ತಾನಾಗಿಯೇ ದೊಡ್ಡದಾಗುತ್ತದೆ. ಕಂಪಿಲರಾಯನು ಮರೆಹೊಕ್ಕವನನ್ನು ಬಿಟ್ಟುಕೊಡಲಿಲ್ಲ. ಅವನ ಕಥೆಯನ್ನು ಹೇಳುವವರೂ ಆ ಆಶ್ರಿತನನ್ನು ಬಿಟ್ಟುಕೊಡದಿರುವುದು ನ್ಯಾಯ. ಅಭಿಮಾನಿಯ ಮರುಸೃಷ್ಟಿಯನ್ನು ಅಳೆಯಲು ನಮ್ಮ ನಾಡು ಕೊಟ್ಟಿರುವ ಅಳತೆಗೋಲು ಇದೇ.